ಹಬ್ಬದ ಮೂಲ ಕೇಳಬಾರದೇ?

ಆಫೀಸಿನಲ್ಲಿ ಒಮ್ಮೆ ರಜಾಪಟ್ಟಿಯ ಸಣ್ಣದೊಂದು ಪ್ರೋಗ್ರಾಂ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ಕ್ರಿಸ್‌ಮಸ್ ಸುಲಭ, ಡಿಸೆಂಬರ್ 25 ಅಂತ ಬರೆದು ಮುಗಿಸಿದೆ. ಗುಡ್ ಫ್ರೈಡೇ ಹಾಗಲ್ಲ. ಅದು ಈಸ್ಟರ್ ಭಾನುವಾರದ ಹಿಂದಿನ ಶುಕ್ರವಾರ. ಈಸ್ಟರೋ, ಮಾರ್ಚ್ 22ರಿಂದ ಏಪ್ರಿಲ್ 25ರ ನಡುವೆ ಎಲ್ಲಿ ಬೇಕಾದರೂ ಬಂದು ಕೂರುತ್ತೆ. ಮಾರ್ಚ್ 21ರಂದು ಅಥವಾ ಅದರ ನಂತರ ಬರುವ ಮೊದಲ ಹುಣ್ಣಿಮೆ, ಆ ಹುಣ್ಣಿಮೆ ಕಳೆದ ಮೇಲಿನ ಮೊದಲ ಭಾನುವಾರ, ಇದು ನಿಯಮ. ಆ ಹುಣ್ಣಿಮೆಯೂ ಆಕಾಶ ನೋಡಿ ಹೇಳುವುದಲ್ಲ, 19 ವರ್ಷದ ಚಕ್ರವೊಂದರ ಕೋಷ್ಟಕದಿಂದ ಬರುವುದು. ಯುಗಾದಿ, ಅಧಿಕಮಾಸ ನೋಡಿ ಬೆಳೆದ ನಮಗೆ ಇದೇನು ಹೊಸದಲ್ಲ. ಸೂರ್ಯನನ್ನೂ ಚಂದ್ರನನ್ನೂ ಒಂದೇ ನೊಗಕ್ಕೆ ಕಟ್ಟಲು ಹೋದವರೆಲ್ಲ ಪಟ್ಟ ಪಾಡೇ. ಪೈಥಾನಿನ ಡೇಟ್‌ಯುಟಿಲ್ ಲೈಬ್ರರಿಯಲ್ಲಿ ಈ ಲೆಕ್ಕಕ್ಕೆ ಸಿದ್ಧ ಫಂಕ್ಷನ್ ಇದೆ. ಅದು ‘ಯಾವ ಈಸ್ಟರ್ ಬೇಕು?’ ಅಂತ ಕೇಳಿ ಮೂರು ಆಯ್ಕೆ ಕೊಡುತ್ತೆ. ಒಂದು ಹಬ್ಬಕ್ಕೆ ಮೂರು ಲೆಕ್ಕ ಯಾಕೆ ಅಂತ ತಲೆಗೆ ಹುಳ ಹೊಕ್ಕಿದ್ದು ಆಗ.

ಅದೇ ವಾರ ವಾಟ್ಸಾಪಿನಲ್ಲಿ ಒಂದು ಫಾರ್ವರ್ಡ್ ಬಂತು. ಈಸ್ಟರ್ ಅಂದರೆ ಬ್ಯಾಬಿಲೋನಿನ ಇಶ್ತಾರ್ ದೇವಿಯಂತೆ, ಮೊಟ್ಟೆ ಮೊಲ ಎಲ್ಲ ಅವಳವೇ ಅಂತೆ, ಕ್ರೈಸ್ತರು ಕದ್ದರಂತೆ. ನಾನೋ, ಹೊಸದು ಗೊತ್ತಾದರೆ ಹೊಟ್ಟೆಯಲ್ಲಿ ಇಟ್ಟುಕೊಳ್ಳಲಾರದವನು. ಊಟದ ಹೊತ್ತಿನಲ್ಲಿ ಮಂಗಳೂರು ಕಡೆಯ ಹಿರಿಯ ಸಹೋದ್ಯೋಗಿಯೊಬ್ಬರ ಮುಂದೆ ಒದರಿಬಿಟ್ಟೆ. ‘ಮೇಡಂ, ನಿಮ್ಮ ಹಬ್ಬ ಅಸಲಿಗೆ ನಿಮ್ಮದೇ ಅಲ್ವಂತೆ.’ ಅವರು ಡಬ್ಬಿಯ ಮುಚ್ಚಳ ತೆಗೀತಾ ಹೇಳಿದರು: ‘ನಮ್ಮ ಮನೇಲಿ ಈಸ್ಟರ್ ಅಂತ ಯಾರೂ ಅನ್ನೋದೇ ಇಲ್ಲ. ಕೊಂಕಣಿಯಲ್ಲಿ ಅದು ಪಾಸ್ಕಾಂ. ಈಗ ನಿಮ್ಮ ದೇವಿಯನ್ನ ಎಲ್ಲಿ ಕೂರಿಸ್ತೀರಿ?’

ಮುಖಕ್ಕೆ ಹೊಡೆದ ಹಾಗಾಯ್ತು. ಹೆಸರಿನ ಮೇಲೆ ಕಟ್ಟಿದ ವಾದ, ಹೆಸರು ಬದಲಾದ ಕೂಡಲೇ ಕುಸಿದುಬಿತ್ತು. ಆಮೇಲೆ ಓದಿದಾಗ ತಿಳೀತು, ಗ್ರೀಕ್‌ನಲ್ಲಿ ಪಾಸ್ಖ, ಸ್ಪ್ಯಾನಿಷ್‌ನಲ್ಲಿ ಪಾಸ್ಕುವಾ, ರಷ್ಯನ್ನಿನಲ್ಲೂ ಪಾಸ್ಖಾ. ‘ಈಸ್ಟರ್’ ಎನ್ನುವುದು ಇಂಗ್ಲಿಷಿನವರ, ಅದರ ಹತ್ತಿರದ ‘ಓಸ್ಟರ್ನ್’ ಜರ್ಮನ್ನರ ಮಾತು. ಇಂಗ್ಲೆಂಡಿನ ಬೀಡ್ ಎಂಬ ಸನ್ಯಾಸಿ 725ರಲ್ಲಿ ಕಾಲಗಣನೆ ಕುರಿತು ಬರೆದ ಪುಸ್ತಕದಲ್ಲಿ, ಇಯೋಸ್ತ್ರೆ ಎಂಬ ದೇವಿಯಿಂದ ತಮ್ಮ ಜನರ ಒಂದು ತಿಂಗಳಿಗೆ ಹೆಸರು ಬಂದಿತ್ತು, ಆ ತಿಂಗಳಲ್ಲಿ ಬೀಳುವ ಹಬ್ಬಕ್ಕೂ ಅದೇ ಹೆಸರಾಯ್ತು ಎನ್ನುತ್ತಾನೆ. ಅವಳು ಇಶ್ತಾರ್ ಅಲ್ಲ, ಮೊಲ ಮೊಟ್ಟೆಯ ಮಾತು ಅಲ್ಲಿ ಇಲ್ಲ. ಮೊಟ್ಟೆಗೆ ಸರಳ ಕಾರಣವೂ ಇದೆ. ಮಧ್ಯಯುಗದ ಯೂರೋಪಿನಲ್ಲಿ ಹಬ್ಬಕ್ಕೆ ಮುಂಚಿನ 40 ದಿನದ ಉಪವಾಸದಲ್ಲಿ ಮೊಟ್ಟೆ ತಿನ್ನುವಂತಿರಲಿಲ್ಲ. ಕೋಳಿಗೆ ಉಪವಾಸ ಇಲ್ಲವಲ್ಲ! ಕೂಡಿಟ್ಟ ಮೊಟ್ಟೆ ಹಬ್ಬದ ದಿನ ಹೊರಗೆ ಬರುತ್ತಿತ್ತು.

ಋಷಿಮೂಲ ನದಿಮೂಲ ಹುಡುಕಬಾರದು ಅಂತ ನಮ್ಮಲ್ಲಿ ಗಾದೆ ಇದೆ. ಹಬ್ಬದ ಮೂಲವನ್ನೂ ಆ ಪಟ್ಟಿಗೆ ಸೇರಿಸಿ ಸುಮ್ಮನಿರೋಣ ಅಂದುಕೊಂಡೆ. ಬುಧವಾರದ ಹೆಸರು ಗ್ರಹದಿಂದ ಬಂತು ಅಂತ ಬುಧವಾರ ಕೆಲಸಕ್ಕೆ ಹೋಗುವವನು ಗ್ರಹಪೂಜೆ ಮಾಡಿದ ಹಾಗಾಗುತ್ತಾ? ಆದರೆ ಮನಸ್ಸು ಒಪ್ಪಲಿಲ್ಲ. ಆ ‘ಪಾಸ್ಖ’ ಎಲ್ಲಿಂದ ಬಂತು?

ಪೆಸಾಖ್‌ನಿಂದ. ಈಜಿಪ್ಟಿನ ಗುಲಾಮಗಿರಿಯಿಂದ ಬಿಡುಗಡೆಯಾದ ನೆನಪಿಗೆ ಯೆಹೂದಿಗಳು ವಸಂತದ ಹುಣ್ಣಿಮೆಗೆ ಮಾಡುವ ಹಬ್ಬ ಅದು. ಕನ್ನಡ ಬೈಬಲ್ಲಿನಲ್ಲಿ ಪಸ್ಕಹಬ್ಬ ಅಂತಿದೆ. ಯೇಸುವನ್ನು ಶಿಲುಬೆಗೇರಿಸಿದ್ದು ಆ ಹಬ್ಬದ ದಿನಗಳಲ್ಲೇ. ಅವನೂ ಯೆಹೂದಿ, ಅವನ ಶಿಷ್ಯರೂ ಯೆಹೂದಿಗಳು, ಬೆಳಗ್ಗೆ ಎದ್ದು ಸಮಾಧಿಗೆ ಹೋದ ಹೆಂಗಸರೂ ಯೆಹೂದಿಗಳು. ನನ್ನ ಪ್ರೋಗ್ರಾಮಿನೊಳಗೆ ಕೂತಿದ್ದ ಹುಣ್ಣಿಮೆ ಎಲ್ಲಿಂದ ಬಂತು ಅಂತ ಆಗ ಹೊಳೀತು. ಅದು ಪೆಸಾಖ್‌ನ ಹುಣ್ಣಿಮೆ.

ಎರಡನೇ ಶತಮಾನದಲ್ಲಿ ಏಷ್ಯಾ ಮೈನರಿನ ಕ್ರೈಸ್ತರು ಯೆಹೂದಿ ತಿಥಿಯಂತೆ ನಿಸಾನ್ ಮಾಸದ 14ಕ್ಕೇ ಹಬ್ಬ ಮಾಡುತ್ತಿದ್ದರು, ವಾರ ಯಾವುದಾದರೂ ಸರಿ. ರೋಮಿನವರಿಗೆ ಭಾನುವಾರವೇ ಆಗಬೇಕು. ಸ್ಮಿರ್ನಾದ ಬಿಷಪ್ ಪಾಲಿಕಾರ್ಪ್ ಇದನ್ನು ಮಾತಾಡಲಿಕ್ಕೆ ರೋಮಿಗೆ ಹೋದ. ಅಲ್ಲಿನ ಬಿಷಪ್ ಅನಿಸೆಟಸ್ ಒಪ್ಪಲಿಲ್ಲ, ಇವನೂ ಬಿಡಲಿಲ್ಲ, ಆದರೂ ಇಬ್ಬರೂ ಒಟ್ಟಿಗೆ ಪೂಜೆ ಮಾಡಿ ಸಮಾಧಾನವಾಗಿ ಬೇರೆಯಾದರು. ನನಗೆ ಈ ಇಬ್ಬರು ಮುದುಕರು ತುಂಬಾ ಇಷ್ಟ. 325ರ ನೈಸಿಯಾ ಸಭೆಯ ಹೊತ್ತಿಗೆ ಗಾಳಿ ಬದಲಾಗಿತ್ತು. ಎಲ್ಲರೂ ಒಂದೇ ದಿನ ಹಬ್ಬ ಮಾಡಬೇಕು ಅನ್ನುವುದೇನೋ ಸರಿ. ಸಭೆ ಮುಗಿದ ಮೇಲೆ ಚಕ್ರವರ್ತಿ ಕಾನ್‌ಸ್ಟಂಟೈನ್ ಬರೆದ ಪತ್ರದಲ್ಲಿ ಇನ್ನೊಂದು ಕಾರಣವೂ ಇದೆ. ಯೇಸುವನ್ನು ಕೊಂದ ಯೆಹೂದಿಗಳ ಜೊತೆ ನಮಗೆ ಯಾವುದೂ ಸಮಾನವಾಗಿ ಇರಬಾರದು ಎಂಬುದು ಅದರ ತಾತ್ಪರ್ಯ. ಶಿಲುಬೆಯ ಶಿಕ್ಷೆ ಕೊಟ್ಟವನು ರೋಮಿನ ಅಧಿಕಾರಿ ಪಿಲಾತ, ಪತ್ರ ಬರೆದವನು ರೋಮಿನ ಚಕ್ರವರ್ತಿ!

ಇದು ಬರೀ ಪಂಚಾಂಗದ ಜಗಳವಾಗಿ ಉಳಿದಿದ್ದರೆ ನಾನು ಇಷ್ಟು ಬರೆಯುತ್ತಿರಲಿಲ್ಲ. ಯೂರೋಪಿನಲ್ಲಿ ಶತಮಾನಗಳ ಕಾಲ ಈಸ್ಟರ್ ವಾರ ಬಂತೆಂದರೆ ಯೆಹೂದಿಗಳು ಬಾಗಿಲು ಹಾಕಿಕೊಳ್ಳಬೇಕಿತ್ತು. 1903ರಲ್ಲಿ, ಆಗ ರಷ್ಯಾ ಸಾಮ್ರಾಜ್ಯದಲ್ಲಿದ್ದ ಕಿಷಿನೆವ್ ಊರಿನಲ್ಲಿ, ಈಸ್ಟರ್ ಭಾನುವಾರದಂದೇ ದೊಂಬಿ ಶುರುವಾಗಿ 49 ಯೆಹೂದಿಗಳು ಸತ್ತರು. ಯೇಸುವಿನ ಸಾವಿನ ಹೊಣೆಯನ್ನು ಇಡೀ ಯೆಹೂದಿ ಜನಾಂಗದ ಮೇಲೆ ಹೊರಿಸುವಂತಿಲ್ಲ ಅಂತ ಕ್ಯಾಥೊಲಿಕ್ ಚರ್ಚ್ ಅಧಿಕೃತವಾಗಿ ಹೇಳಿದ್ದು 1965ರಲ್ಲಿ.

ಆದ್ದರಿಂದ ಗಾದೆಯ ಜೊತೆ ನನಗೀಗ ತಕರಾರಿದೆ. ಸುಳ್ಳು ಮೂಲ ಹುಡುಕಿ ಇನ್ನೊಬ್ಬರ ಹಬ್ಬ ಹೀಯಾಳಿಸುವುದು ನಾನು ಊಟದ ಹೊತ್ತಲ್ಲಿ ಮಾಡಿದ ಚಿಲ್ಲರೆ ತಪ್ಪು. ನಿಜವಾದ ಮೂಲವನ್ನು ಮರೆತು, ಹಬ್ಬ ಕೊಟ್ಟವರ ಮನೆಗೇ ಬೆಂಕಿ ಇಡುವುದು ಬೇರೆಯದೇ ಲೆಕ್ಕ.

ಕಿಷಿನೆವ್ ಬಗ್ಗೆ ಓದಿದ ಮೇಲೆ ಬೈಬಲ್ಲಿನಲ್ಲಿ ಆ ಭಾಗವನ್ನೇ ತೆಗೆದು ಓದಿದೆ. ಕೊಲೆಯಾದವನು ಎದ್ದು ಬಂದರೆ ಮೊದಲು ಎಲ್ಲಿಗೆ ಹೋಗಬೇಕು? ನಮ್ಮ ಸಿನಿಮಾ ಆಗಿದ್ದರೆ ಇಂಟರ್ವೆಲ್ ಆದ ಕೂಡಲೇ ಪಿಲಾತನ ಬಾಗಿಲು ಒದೆಯುತ್ತಿದ್ದ. ಈ ಕಥೆಯಲ್ಲಿ ಅವನು ಪಿಲಾತನ ಕಡೆಗೂ ಹೋಗುವುದಿಲ್ಲ, ಮಹಾಯಾಜಕನ ಕಡೆಗೂ ಹೋಗುವುದಿಲ್ಲ. ತೋಟದಲ್ಲಿ ಅಳುತ್ತಾ ನಿಂತ ಮಗ್ದಲದ ಮರಿಯಳನ್ನು ಹೆಸರು ಹಿಡಿದು ಕರೆಯುತ್ತಾನೆ. ಅವಳೋ ಅವನನ್ನು ತೋಟದ ಮಾಲಿ ಅಂದುಕೊಂಡಿದ್ದಳು. ಹೆಂಗಸರು ಹೋಗಿ ಹೇಳಿದರೆ ಗಂಡಸರಿಗೆ ಅದು ಬರೀ ಹರಟೆ. ಆಮೇಲೊಂದು ಬೆಳಗ್ಗೆ ಕೆರೆಯ ದಡದಲ್ಲಿ ಕೆಂಡ ಮಾಡಿ, ಮೀನು ರೊಟ್ಟಿ ಇಟ್ಟುಕೊಂಡು, ‘ಬನ್ನಿ, ಊಟ ಮಾಡಿ’ ಅಂತ ಶಿಷ್ಯರನ್ನು ಕರೆಯುತ್ತಾನೆ. ಹಿಡಿದ ರಾತ್ರಿ ಬಿಟ್ಟು ಓಡಿದ್ದವರು ಇವರೇ. ಪೇತ್ರನಂತೂ ಅಂಥದ್ದೇ ಕೆಂಡದ ಮುಂದೆ ಚಳಿ ಕಾಯಿಸುತ್ತಾ ‘ಅವನು ಯಾರೋ ನನಗೆ ಗೊತ್ತಿಲ್ಲ’ ಅಂತ ಮೂರು ಸಲ ಅಂದಿದ್ದ. ಅವನಿಗೆ ಬೈಗುಳವಿಲ್ಲ. ‘ನನ್ನ ಮೇಲೆ ಪ್ರೀತಿ ಇದೆಯಾ?’ ಅಂತ ಮೂರು ಸಲ ಕೇಳುತ್ತಾನೆ, ಅಷ್ಟೇ. ಮೂರನೇ ಸಲಕ್ಕೆ ಪೇತ್ರನಿಗೆ ದುಃಖವಾಗುತ್ತೆ.

ಇದು ನಡೆದದ್ದು ಅಂತ ನಾನು ನಂಬುತ್ತೇನಾ? ಇಲ್ಲ. ನಂಬದೆ ಬರೀ ಅರ್ಥ ಹೀರಿಕೊಳ್ಳುತ್ತೇನೆ ಅನ್ನುವವನಿಗೆ ಪೌಲ ದಾರಿ ಬಿಟ್ಟಿಲ್ಲ. ಕ್ರಿಸ್ತ ಎದ್ದು ಬರಲಿಲ್ಲವಾದರೆ ನಿಮ್ಮ ನಂಬಿಕೆಯೇ ವ್ಯರ್ಥ ಅಂತ ಕೊರಿಂಥದವರಿಗೆ ನೇರವಾಗಿ ಬರೆದಿದ್ದಾನೆ. ಆ ಮಾತಿಗೆ ನನ್ನ ಬಳಿ ಉತ್ತರವಿಲ್ಲ. ಮೇಡಂ ಹತ್ತಿರ ಇದನ್ನೂ ಹೇಳಿದೆ. ‘ನಂಬಲೇಬೇಕು ಅಂತ ನಾನೆಲ್ಲಿ ಅಂದೆ?’ ಅಂದವರು ಡಬ್ಬಿಯಿಂದ ಅರ್ಧ ಪಾಲು ನನ್ನ ಕಡೆ ತಳ್ಳಿದರು.

2025ಕ್ಕೆ ಆ ಪ್ರೋಗ್ರಾಂ ಓಡಿಸಿದಾಗ ಪಶ್ಚಿಮದ ಲೆಕ್ಕಕ್ಕೂ ಪೂರ್ವದ ಆರ್ಥೊಡಾಕ್ಸ್ ಲೆಕ್ಕಕ್ಕೂ ಒಂದೇ ಉತ್ತರ ಬಂತು, ಏಪ್ರಿಲ್ 20. ಪೆಸಾಖ್ ಕೂಡ ಆ ವಾರವೇ ಇತ್ತು. ಬಗ್ ಇರಬೇಕು ಅಂತ ಎರಡು ಸಲ ಓಡಿಸಿ ನೋಡಿದೆ.