ಸದ್ದಿನ ಮೂಲ

ಉಡುಪಿ, ಕಾಪುಗಳ ಕಡಲಗಾಳಿಯಲ್ಲಿ ಉಪ್ಪುಂಟು; ಕಾರ್ಕಳದ ಮಳೆಗಾಲದಲ್ಲಿ ಬಿಡದ ತೇವವುಂಟು. ಇವೆರಡೂ ಉಕ್ಕನ್ನು ತಿನ್ನುವುವು. ಆದುದರಿಂದ ಆ ಸೀಮೆಯ ಮನೆಗಳಲ್ಲಿ ಮಾಡಿಗೆ ತೂಗುವ ಫ್ಯಾನಿನ ಕರ್ಕಶ ಶಬ್ದ ಹೊಸತಲ್ಲ. ಇಷ್ಟಲಿಂಗವನ್ನು ಕರಸ್ಥಲದಲ್ಲಿರಿಸಿ ಕುಳಿತ ಗೃಹಸ್ಥನ ಚಿತ್ತವು ಆ ಶಬ್ದದತ್ತ ಹರಿಯುವುದು. ಪೂಜೆಯನ್ನು ಅರೆಗೆ ಬಿಟ್ಟೆದ್ದು ಅವನು ತಿರುಪು ಬಿಗಿಯುವನು, ರೆಕ್ಕೆಗಳನ್ನು ಸಮಗೊಳಿಸುವನು, ಎಣ್ಣೆ ಹನಿಸುವನು. ಎರಡು ದಿನ ಮೌನ. ಮೂರನೆಯ ದಿನ ಮತ್ತದೇ ಗೋಳು. ಆಗ ದುರಸ್ತಿಗೆ ಬಂದವನ ಮೇಲೂ ಮಡದಿಮಕ್ಕಳ ಮೇಲೂ ಹರಿಹಾಯುವನು.

ಬಲ್ಲ ಕಾಯಕಜೀವಿಯಾದರೋ ಮೊದಲು ಗುಂಡಿಯೊತ್ತಿ ವಿದ್ಯುತ್ತನ್ನು ನಿಲ್ಲಿಸಿ ಕಿವಿಗೊಡುವನು. ಒಡನೆಯೇ ಸದ್ದಡಗಿದರೆ ದೋಷವು ರೆಗ್ಯುಲೇಟರು ಮೊದಲಾದ ವಿದ್ಯುತ್ ಅಂಗಗಳದು. ರೆಕ್ಕೆಗಳು ನಿಲ್ಲುವ ತನಕವೂ ಸದ್ದುಳಿದರೆ ಅದು ಯಂತ್ರದ್ದು. ತಿರುಪು ಬಿಗಿಯಾಗಿದ್ದು ರೆಕ್ಕೆ ಸಮವಾಗಿದ್ದರೆ, ಒಳಗಿನ ಬೇರಿಂಗಿನ ಗುಂಡುಗಳು ತುಕ್ಕು ಹಿಡಿದಿರುತ್ತವೆ ಇಲ್ಲವೆ ಸವೆದಿರುತ್ತವೆ. ಅದಕ್ಕೆ ಹೊರಗಿನ ಎಣ್ಣೆ ಸಾಲದು. ಫ್ಯಾನನ್ನಿಳಿಸಿ, ಬಿಚ್ಚಿ, ಹೊಸ ಬೇರಿಂಗನ್ನೇ ಕೂರಿಸಬೇಕು.

ಮನಸ್ಸಿನ ಪರೀಕ್ಷೆಯೂ ಹೀಗೆಯೇ. ನಿಂದಿಸಿದವನು ಸುಮ್ಮನಾದೊಡನೆ ಕೋಪವಡಗಿದರೆ ಅದು ಹೊರಗಿನಿಂದ ಬಂದುದು. ಅವನು ಮರೆತುಹೋದ ಮೇಲೂ ಒಳಗೆ ಕರಕರವೆನ್ನುತ್ತಿದ್ದರೆ ತುಕ್ಕು ತನ್ನದೇ ಎಂದು ಭಕ್ತನು ಅರಿಯಬೇಕು. ಸಭೆಯ ನಗು, ತುಟಿಯ ಸವಿಮಾತು ಎರಡು ದಿನದ ಎಣ್ಣೆ. 12ನೆಯ ಶತಮಾನದ ಶರಣರು ಹೊರಗಿನ ನಡೆಯೊಡನೆ ಒಳಗಿನ ಶುದ್ಧಿಯನ್ನೂ ಬಯಸಿದ್ದು ಇದಕ್ಕಾಗಿಯೇ.

ಹುಲ್ಲಿನ ಹಗ್ಗ ಹೊಸೆದ ನುಲಿಯ ಚಂದಯ್ಯನನ್ನು ಶರಣನೆಂದು ನಂಬಿದವರಿಗೆ, ಏಣಿಯೇರಿ ಫ್ಯಾನು ಬಿಚ್ಚುವವನ ಕಾಯಕ ಕೀಳಾಗದು. ಗೃಹಸ್ಥನು ಅವನಿಗೆ ನ್ಯಾಯವಾದ ಕೂಲಿಯನ್ನೂ ಒಂದು ಒಳ್ಳೆಯ ಮಾತನ್ನೂ ಕೊಡಲಿ. ಅರೆಗೆ ನಿಂತ ಪೂಜೆ ಅಲ್ಲಿ ಪೂರ್ಣವಾಗುವುದು.