ಸೆಟಲ್ ಆದವರು, ದುಡಿಯಾಕ ಹೋದವರು

ಮುದ್ದೇಬಿಹಾಳ, ಸಿಂದಗಿ ಕಡೆಯ ಹಳ್ಳಿಗಳಲ್ಲಿ ಬೀಗ ಜಡಿದ ಮನೆ ಕಂಡು ವಿಚಾರಿಸಿದರೆ, ‘ಗೋವಾಕ್ಕ ದುಡಿಯಾಕ ಹೋಗ್ಯಾರ್ರಿ’ ಎನ್ನುತ್ತಾರೆ. ಹೋಗಿ ಇಪ್ಪತ್ತು ವರ್ಷವಾಗಿರಬಹುದು, ಮಕ್ಕಳು ಅಲ್ಲೇ ಹುಟ್ಟಿ ಕೊಂಕಣಿ ಕಲಿತಿರಬಹುದು; ಆದರೂ ದುಡಿಯಾಕ. ಅದೇ ಓಣಿಯ ಇಂಜಿನಿಯರ್ ಹುಡುಗ ಎಚ್-1ಬಿ ವೀಸಾದ ಮೇಲೆ ಹೋಗಿ ಎರಡು ವರ್ಷ ತುಂಬಿಲ್ಲ, ‘ಅಮೆರಿಕಾದಾಗ ಸೆಟಲ್ ಆಗ್ಯಾನ್ರಿ.’

ಕಾನೂನು ಕೇಳಿದರೆ ಮಾತು ತಿರುವುಮುರುವು. ದೇಶದ ಯಾವ ಮೂಲೆಯಲ್ಲಾದರೂ ನೆಲೆಸುವ ಹಕ್ಕನ್ನು ಸಂವಿಧಾನದ 19ನೇ ವಿಧಿ ಗೋವೆಗೆ ಹೋದವನಿಗೆ ಕೊಟ್ಟಿದೆ. ಹುಡುಗನದು ಮೂರು ವರ್ಷದ ವೀಸಾ, ಸಾಮಾನ್ಯವಾಗಿ ಆರಕ್ಕೆ ಮುಗಿತಾಯ. ಗ್ರೀನ್ ಕಾರ್ಡಿಗೆ ನಿಂತರೆ, ಒಂದೊಂದು ದೇಶಕ್ಕೂ ಶೇ 7ರ ಮಿತಿಯ ಸರದಿ. ಸಿಕ್ಕ ಕಾಯಂ ಕಾರ್ಡಿಗೂ ಹತ್ತು ವರ್ಷಕ್ಕೊಮ್ಮೆ ನವೀಕರಣ. ಕೆನಡಾದಲ್ಲಂತೂ ಐದು ವರ್ಷದಲ್ಲಿ 730 ದಿನ ಅಲ್ಲಿದ್ದ ಲೆಕ್ಕ ಒಪ್ಪಿಸಬೇಕು. ಕಾಯಂ ಅಂದರೂ ತಾರೀಖು ತಪ್ಪದು! ಆದರೂ ಅವನ ಹತ್ತಿರ ಸಂಬಳದ ಚೀಟಿ, ಬಾಡಿಗೆ ಕರಾರು, ವಕೀಲ ಎಲ್ಲ ಉಂಟು. ಯೋಜನೆ ಹಾಕಲು ಮೊದಲು ಕಾಗದ ಬೇಕು.

ಗೋವಾ ಸರ್ಕಾರಿ ನೌಕರಿಗೆ 15 ವರ್ಷದ ವಾಸದ ಪ್ರಮಾಣಪತ್ರ ಕೇಳುತ್ತದೆ. ನಮ್ಮವರ ಟ್ರಂಕಿನಲ್ಲಿ ಏನಿದೆ? ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದ ಆಧಾರ್, ಊರಿನ ರೇಷನ್ ಕಾರ್ಡು, ಮಗಳ ಶಾಲೆಯ ದಾಖಲೆ. ಕರೆಂಟ್ ಬಿಲ್ಲು ಮನೆ ಮಾಲೀಕನ ಹೆಸರಿನದು, ಬಾಡಿಗೆ ಕೈಯಿಂದ ಕೈಗೆ. ಮುಂಗಾರಿಗೆ ಬಿತ್ತಲು ಬಂದು ಹೋಗುವ ತಿಂಗಳನ್ನು ವಾಸವೆನ್ನಬೇಕೋ, ಗೈರುಹಾಜರಿ ಎನ್ನಬೇಕೋ? ಎರಡೂ ಕಡೆ ಕಾಲಿಟ್ಟವನು ದಡ ಸೇರುವುದಿಲ್ಲ ಎನ್ನುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. 2004ರಲ್ಲಿ ವಾಸ್ಕೋದ ಬೈನಾದಲ್ಲಿ ಗುಡಿಸಲುಗಳು ನೆಲಸಮವಾದದ್ದನ್ನು ಕಂಡವರಿಗೆ ಊರಿನ ರೇಷನ್ ಕಾರ್ಡನ್ನು ಉಳಿಸಿಕೊಳ್ಳುವುದೇ ಯೋಜನೆ.

ಗೋವೆಯವರ ಮೇಲೆ ಸಿಟ್ಟಾಗುವ ಮುನ್ನ ನಮ್ಮ ಮನೆಯ ಲೆಕ್ಕವನ್ನೂ ನೋಡಬೇಕು. ಸರೋಜಿನಿ ಮಹಿಷಿ ವರದಿ ಕನ್ನಡಿಗ ಯಾರೆಂದು ಹೇಳುವಾಗ ಕನ್ನಡ ಓದು ಬರಹದ ಜೊತೆಗೆ ಇಟ್ಟ ಗಡುವೂ 15 ವರ್ಷ. 2024ರ ಸ್ಥಳೀಯರ ಉದ್ಯೋಗ ಮಸೂದೆಯಲ್ಲೂ ಅದೇ ಹದಿನೈದು. ಸಣ್ಣ ರಾಜ್ಯದ ಭಯ ಸುಳ್ಳಲ್ಲ, ನಮ್ಮ ಭಯವೂ ಸುಳ್ಳಲ್ಲ. ವರ್ಷ ಎಣಿಸುವುದಕ್ಕೆ ನನ್ನ ತಕರಾರಿಲ್ಲ. ಆದರೆ ಎಣಿಕೆಗೆ ಸಾಕ್ಷಿ ತರುವ ಹೊರೆ ಯಾವಾಗಲೂ ಚೀಟಿ ಸಿಗದ ಕೂಲಿಯವನ ಹೆಗಲಿಗೇ ಬೀಳುತ್ತದೆ. ಅವನು ಹಾಕಿದ ಸ್ಲ್ಯಾಬು ಅಲ್ಲೇ ನಿಂತಿದೆ, ಅದನ್ನು ಯಾವ ಕಚೇರಿಯೂ ದಾಖಲೆ ಅನ್ನುವುದಿಲ್ಲ.

ಹಾಗಾದರೆ ಊರಲ್ಲೇ ಉಳಿದವರು ಕಾಯಮ್ಮೇ? ಹಳೆಯ ಬಸವನಬಾಗೇವಾಡಿ ತಾಲ್ಲೂಕಿನ ಆಲಮಟ್ಟಿ ಅಣೆಕಟ್ಟಿನಲ್ಲಿ ನೀರು 519.6 ಮೀಟರಿಗೆ ನಿಲ್ಲುತ್ತದೆ. ಅದರ ಕೆಳಗೆ ಹೋದ ಹೊಲಗಳಿಗೆ ತಲೆಮಾರುಗಳ ಉತಾರೆ ಇತ್ತು. ಮುಂದಿನ ಗುರುತು 524.256. ಆ ಎರಡು ಅಂಕಿಗಳ ನಡುವೆ ಮನೆ ಇರುವವರು ಗೋಡೆಗೆ ಸುಣ್ಣ ಹೊಡೆಯುವುದೋ ಬೇಡವೋ ಎಂದು ಪ್ರತಿ ದೀಪಾವಳಿಗೂ ಯೋಚಿಸುತ್ತಾರೆ.