'ಮಂಗಳಾರತಿ' ಎಂಬ ಮಾತಿನ ವಿಚಾರ

ಒಬ್ಬನು ಕೋಪಗೊಂಡು ಮತ್ತೊಬ್ಬನನ್ನು ಬಹಳ ಹೊತ್ತು ಬೈದರೆ ನಮ್ಮ ಜನರು ಏನನ್ನುತ್ತಾರೆ? "ಚೆನ್ನಾಗಿ ಮಂಗಳಾರತಿ ಮಾಡಿದನು" ಅನ್ನುತ್ತಾರೆ. "ಸಹಸ್ರನಾಮಾರ್ಚನೆ ಆಯಿತು" ಎಂತಲೂ "ಪೂಜೆ ನಡೆಯಿತು" ಎಂತಲೂ ಹೇಳುವದುಂಟು. ಗೌರವದ ಕ್ರಿಯೆಗಳ ಹೆಸರನ್ನು ಬೈಗುಳಕ್ಕೆ ಇಟ್ಟದ್ದು ಪರಿಹಾಸ್ಯವೇ ಸರಿ. ಆದರೂ ಈ ಪರಿಹಾಸ್ಯದೊಳಗೆ ಒಂದು ಬುದ್ಧಿವಾದವು ಅಡಗಿದೆ.

ಬೆಂಗಳೂರಿನ ಮೆಜೆಸ್ಟಿಕ್ ಬಸ್ ನಿಲ್ದಾಣವನ್ನು ನಿಮ್ಮಲ್ಲಿ ಅನೇಕರು ಕಂಡಿರಬಹುದು. ಹಿಂದೆ ಆ ಸ್ಥಳದಲ್ಲಿ ಧರ್ಮಾಂಬುಧಿ, ಅಂದರೆ ಧರ್ಮದ ಸಮುದ್ರ, ಎಂಬ ಕೆರೆ ಇತ್ತು. ಈಗ ಅಲ್ಲಿ ನೀರಿಗೆ ಬದಲಾಗಿ ಜನಸಮೂಹವು ತುಂಬಿರುತ್ತದೆ. ಒಬ್ಬ ಪ್ರಯಾಣಿಕನಿಗೆ ಕೊಡಬೇಕಾದ ಚಿಲ್ಲರೆಯನ್ನು ಕಂಡಕ್ಟರನು ಚೀಟಿಯ ಹಿಂದೆ ಬರೆದುಕೊಟ್ಟಿದ್ದಾನೆಂದು ನೆನಸಿರಿ. ಇಳಿಯುವಾಗ ಕಂಡಕ್ಟರನ ಚೀಲದಲ್ಲಿ ಚಿಲ್ಲರೆ ಇಲ್ಲ. "ನೀನು ನನ್ನ ಹಣ ಕೊಡಲಿಲ್ಲ" ಎಂದು ಪ್ರಯಾಣಿಕನು ಹೇಳುತ್ತಾನೆ. ಇದು ಸತ್ಯವಾದ ಮಾತು. ಆದರೆ ಮರುಕ್ಷಣವೇ "ನೀನು ಕಳ್ಳ" ಅನ್ನುತ್ತಾನೆ. ಬಳಿಕ ಅವನ ಕುಲವನ್ನೂ ಊರನ್ನೂ ಹೆತ್ತವರನ್ನೂ ಎಳೆದು ತರುತ್ತಾನೆ. ಜನರು ಸುತ್ತಲೂ ಕೂಡುತ್ತಾರೆ. ಕಾಲು ಗಂಟೆಯಾದ ಮೇಲೆ ಚಿಲ್ಲರೆಯ ಮಾತನ್ನು ಬೈಯುವವನೇ ಮರೆತಿರುತ್ತಾನೆ!

ಇಲ್ಲಿ ಏನು ನಡೆಯಿತೆಂದು ನೋಡಿರಿ. ಮೊದಲನೆಯ ಮಾತು ಕೃತ್ಯವನ್ನು ಕುರಿತದ್ದು, ಕೃತ್ಯವನ್ನು ಸರಿಪಡಿಸಬಹುದು. ಉಳಿದ ಮಾತುಗಳೆಲ್ಲಾ ಮನುಷ್ಯನಿಗೆ ಇಟ್ಟ ಹೆಸರುಗಳು. ಹುಟ್ಟಿದ ಕುಲವನ್ನು ಯಾರು ಸರಿಪಡಿಸಬಲ್ಲರು? ಇಂಥ ಬೈಗುಳವನ್ನು ತಲತಲಾಂತರದಿಂದ ಕೇಳಿದ ಮನೆಗಳವರಿಗೆ ಅದರ ನೋವನ್ನು ವಿವರಿಸಬೇಕಾಗಿಲ್ಲ. ಹೆಸರಿನ ಮೇಲೆ ಹೆಸರು ಪೇರಿಸುವದರಿಂದಲೇ ಜನರು ಇದಕ್ಕೆ 'ಸಹಸ್ರನಾಮ' ಎಂದರು.

ಹಾಗಾದರೆ ಕೋಪದ ದೀರ್ಘ ಭಾಷಣವೆಲ್ಲವೂ ದೋಷವೋ? ಅಲ್ಲ. ಕ್ರಿಸ್ತಪೂರ್ವ 351ರಲ್ಲಿ ಅಥೇನೆ ಪಟ್ಟಣದ ದೆಮೊಸ್ಥೆನನು ಮಕೆದೋನ್ಯದ ಅರಸನಾದ ಫಿಲಿಪ್ಪನಿಗೆ ವಿರೋಧವಾಗಿ ತನ್ನ ಜನರನ್ನು ಎಚ್ಚರಿಸಿ ಮಾತಾಡಿದನು. ಅಂಥ ಭಾಷಣಗಳಿಗೆ ಆ ಅರಸನ ಹೆಸರಿನಿಂದಲೇ 'ಫಿಲಿಪ್ಪಿಕ್' ಎಂಬ ಪದವು ಉಂಟಾಯಿತು. ಕ್ರಿಸ್ತಪೂರ್ವ 44-43ರಲ್ಲಿ ರೋಮಿನ ಸಿಸೆರೋ ಅಂತೋನಿಗೆ ವಿರೋಧವಾಗಿ ರಚಿಸಿದ 14 ಭಾಷಣಗಳಿಗೂ ಅದೇ ಹೆಸರಾಯಿತು. 43ರಲ್ಲಿ ಅಂತೋನಿಯ ಕಡೆಯವರು ಅವನನ್ನು ಕೊಂದರು. ಸಿಸೆರೋ ಕಟುವಾಗಿ ಬೈದದ್ದುಂಟು. ಆದರೆ ಬಲಿಷ್ಠನಿಗೆ ಎದುರಾಗಿ ಬೈದು, ಅದರ ಬೆಲೆಯನ್ನು ತಾನೇ ತೆತ್ತನು. ನಮ್ಮ ಮಂಗಳಾರತಿಯಾದರೋ ಬಹುಮಟ್ಟಿಗೆ ತಿರುಗಿ ಮಾತಾಡಲಾರದವರಿಗೇ ಆಗುತ್ತದೆ: ಕೂಲಿಯವನಿಗೆ, ಹೋಟೆಲಿನ ಹುಡುಗನಿಗೆ, ಮನೆಯ ಸೊಸೆಗೆ. ಮೇಲಿನವರ ಮುಂದೆ ನಮ್ಮ ನಾಲಿಗೆಯು ತಾನಾಗಿಯೇ ತಣ್ಣಗಾಗುವದಿಲ್ಲವೋ? ಹಾಗಾದರೆ "ಕೋಪದಲ್ಲಿ ನಾಲಿಗೆ ನನ್ನ ವಶದಲ್ಲಿರಲಿಲ್ಲ" ಎಂಬ ನೆವವು ನಿಲ್ಲುವದಿಲ್ಲ.

'ತರಾಟೆಗೆ ತೆಗೆದುಕೊಳ್ಳುವದು' ಎಂಬ ಬೇರೊಂದು ಮಾತು ನಮ್ಮಲ್ಲುಂಟು. ತಪ್ಪಿಗೆ ಲೆಕ್ಕ ಕೇಳುವದೇ ಅದರ ಉದ್ದೇಶ. ಲೆಕ್ಕ ಕೇಳುವವನು ಉತ್ತರಕ್ಕಾಗಿ ನಿಲ್ಲಬೇಕು. ಉತ್ತರ ಬಂದರೆ ಮುಗಿಸಬೇಕು. ಮಂಗಳಾರತಿ ಮಾಡುವವನು ಉತ್ತರವನ್ನು ಬಯಸುವದೇ ಇಲ್ಲ. ನಿಜವಾಗಿ ಅಲ್ಲಿ ಪೂಜೆ ಹೊಂದುವದು ಯಾವದು? ಬೈದವನ ಸ್ವಂತ ಕೋಪವೇ. ಅದರ ಮುಂದೆಯೇ ಅವನು ದೀಪವೆತ್ತುತ್ತಾನೆ. ನೆರೆದವರು ಕೈಕಟ್ಟಿ ನೋಡುತ್ತಾರೆ.

ಆದಕಾರಣ ತಪ್ಪನ್ನು ಕಂಡರೆ ಸುಮ್ಮನಿರಬೇಡಿರಿ. ತಪ್ಪಿನ ಹೆಸರನ್ನು ಹೇಳಿರಿ, ಉತ್ತರಕ್ಕೆ ಎಡೆಕೊಡಿರಿ, ಸರಿಯಾದ ಮೇಲೆ ಮಾತನ್ನು ಮುಗಿಸಿರಿ. ಬೇರೊಬ್ಬರಿಗೆ ಮಂಗಳಾರತಿಯಾಗುವಾಗ ನೋಡುವವರ ಗುಂಪಿನಲ್ಲಿ ನಿಲ್ಲಲೂ ಬೇಡಿರಿ. ನೋಡುವವರಿಲ್ಲದಿದ್ದರೆ ಆ ದೀಪಕ್ಕೆ ಎಣ್ಣೆಯಿಲ್ಲ.